ಗಟ್ಟಿ ರಕ್ತ

ಭಾನುವಾರ ಬೆಳಿಗ್ಗೆ ಫೋನ್ ಹೊಡೆದುಕೊಂಡರೆ ಯಾರದೆಂದು ನೋಡಬೇಕಾಗಿಯೇ ಇಲ್ಲ, ನನ್ನ ತಮ್ಮನದೇ. ಹಲೋ ಇಲ್ಲ, ಹೇಗಿದ್ದೀಯಾ ಇಲ್ಲ, ತಿಂಡಿ ಆಯ್ತಾ ಅನ್ನುವುದೂ ಇಲ್ಲ. ಬಾಯಿ ಬಿಟ್ಟರೆ ಮೊದಲ ಮಾತು, "ಅಕ್ಕಾ, ನನ್ನ ರಕ್ತ ಹೇಗಿದೆ?"

"ಗಟ್ಟಿಯಾಗಿದೆ ಕಣೋ," ಅನ್ನುತ್ತೇನೆ ನಾನು.

"ಹಾಂ, ಹಾಗಿರಬೇಕು," ಅನ್ನುತ್ತಾನೆ. ಆಮೇಲೆ ಬೇಕಿದ್ದರೆ ಬೇರೆ ಮಾತು.

ಹನ್ನೊಂದು ವರ್ಷದಿಂದ ಇದೇ ನಡೆದುಕೊಂಡು ಬಂದಿದೆ. ಕೇಳಿದವರಿಗೆ ಅಕ್ಕ ತಮ್ಮ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನನಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಆಸ್ಪತ್ರೆಯಲ್ಲಿ ಔಷಧಿ ಹಾಕಿ ನನ್ನ ಮೂಳೆಯೊಳಗಿನ ಹಳೆಯ ಮಜ್ಜೆಯನ್ನೆಲ್ಲ ಸುಟ್ಟು ಬರಿದು ಮಾಡಿದರು. ಆಮೇಲೆ ತಮ್ಮನ ರಕ್ತದಿಂದ ಕಾಂಡಕೋಶಗಳನ್ನು, ಅಂದರೆ ರಕ್ತ ಹುಟ್ಟಿಸುವ ಬೀಜದಂಥ ಕೋಶಗಳನ್ನು ತೆಗೆದು ನನ್ನ ಮೈಗೆ ಹರಿಸಿದರು. ಬೀಜ ಹೋಗಿ ಮೂಳೆಯಲ್ಲಿ ಮೊಳೆಯಿತು. ಅಂದಿನಿಂದ ನನ್ನ ಮೈಯಲ್ಲಿ ಓಡಾಡುತ್ತಿರುವ ರಕ್ತ ಪೂರ್ತಿ ಅವನದು. ನನ್ನ ರಕ್ತದ ಗುಂಪು ಕೂಡ ಬದಲಾಗಿ ಅವನದೇ ಆಯಿತು.

ಅವನನ್ನು ಮನೆಯಲ್ಲಿ ಕರೆಯುವುದು ಬುಗುರಿ ಅಂತ. ಒಂದು ಕಡೆ ನಿಂತ ಜೀವವಲ್ಲ. ಶಾಲೆ ಅರ್ಧಕ್ಕೆ ಬಿಟ್ಟ, ಹಿಡಿದ ಕೆಲಸಗಳನ್ನೆಲ್ಲ ಬಿಟ್ಟ, ಕೊನೆಗೆ ಲಿಫ್ಟ್ ರಿಪೇರಿ ಕಲಿತು ಅದರಲ್ಲಿ ನಿಂತ. ಅದೂ ಮೇಲೆ ಕೆಳಗೆ ಓಡಾಡುವ ಕೆಲಸವಾದ್ದರಿಂದ ನಿಂತಿದ್ದಾನೆ ಅನ್ನುತ್ತಾಳೆ ಅಮ್ಮ. ಅಪ್ಪ ಇದ್ದಷ್ಟು ದಿನ ನೆಂಟರ ನಡುವೆ ಮಗನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಅಂಥವನು, ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಆಸಾಮಿ, ಎರಡೂ ಕೈಗೆ ಚುಚ್ಚಿಸಿಕೊಂಡು ಮಿಷನ್ ಪಕ್ಕ ಅರ್ಧ ದಿನ ಅಲ್ಲಾಡದೆ ಮಲಗಿದ. ಅವನು ಜೀವನದಲ್ಲಿ ಶುರು ಮಾಡಿ ಪೂರ್ತಿ ಮುಗಿಸಿದ ಮೊದಲನೇ ಕೆಲಸ ಅದು. ಅಂದಿನಿಂದ ನಾಲ್ಕು ಜನ ಸೇರಿದಲ್ಲಿ, "ನಮ್ಮಕ್ಕನ ಮೈಯಲ್ಲಿ ಓಡ್ತಿರೋದು ನನ್ನ ರಕ್ತ. ನಂದು ಗಟ್ಟಿ ರಕ್ತ," ಅಂತ ಹೇಳದೆ ಎದ್ದವನಲ್ಲ. ಹೇಳಿಕೊಳ್ಳಲಿ ಬಿಡಿ, ಸುಳ್ಳೇನಲ್ಲವಲ್ಲ.

ನನ್ನದು ಕೀ ಅಂಗಡಿ. ಅಪ್ಪ ನಡೆಸುತ್ತಿದ್ದದ್ದು, ಈಗ ನನ್ನ ಕೈಯಲ್ಲಿದೆ. ಬಸ್ ನಿಲ್ದಾಣದ ಪಕ್ಕದ ಸಾಲಿನಲ್ಲಿ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಸರಿದು ಜಾಗ ಕೊಡಬೇಕಾದಷ್ಟು ಅಗಲ. ಗೋಡೆ ತುಂಬ ಹಲ್ಲಿಲ್ಲದ ಹೊಸ ಕೀಗಳು ನೇತಾಡುತ್ತವೆ. ಗಿರಾಕಿ ತಂದ ಅಸಲಿ ಕೀಯನ್ನು ಮಿಷನ್ನಿನ ಒಂದು ಬದಿಗೆ, ಹೊಸದನ್ನು ಇನ್ನೊಂದು ಬದಿಗೆ ಕಚ್ಚಿಸಿ ಓಡಿಸಿದರೆ ಅದರ ಹಲ್ಲು ಇದಕ್ಕೆ ಮೂಡುತ್ತದೆ. ಆಮೇಲೆ ಅರದಿಂದ ಉಜ್ಜಿ, ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಮುಟ್ಟಿ ನೋಡಿ ಕೊಡುತ್ತೇನೆ. ಎಷ್ಟು ವರ್ಷ ಮಾಡಿದರೂ ಈ ಕೀ ಯಾವ ಬಾಗಿಲಿನದು, ಒಳಗೆ ಏನಿದೆ ಅನ್ನುವ ಕುತೂಹಲ ಹೋಗಿಲ್ಲ. ಕೇಳಿಯೂ ಬಿಡುತ್ತೇನೆ. ಕೆಲವರು ಹೇಳುತ್ತಾರೆ, ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಾರೆ.

ನನ್ನನ್ನು ಕಂಡ ಜನ "ಗೆದ್ದುಬಿಟ್ಟೆ ಬಿಡಮ್ಮ" ಅನ್ನುತ್ತಾರೆ. ಗೆದ್ದಿದ್ದೇನೆ, ಇಲ್ಲವೆನ್ನುವುದಿಲ್ಲ. ಗೆದ್ದ ಮೇಲೆ ಏನೇನಿರುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ, ನನಗೋ ಹೇಳುವ ಚಟ. ತಮ್ಮನ ರಕ್ತ ಬಂದ ಹೊಸತರಲ್ಲಿ, ಇದು ನಮ್ಮ ಮನೆಯಲ್ಲ ಅಂತ ನನ್ನ ಮೈಯ ಮೇಲೆ ಜಗಳಕ್ಕೆ ಬಿತ್ತು. ಚರ್ಮದ ಜೊತೆ, ಬಾಯಿಯ ಜೊತೆ, ಕಣ್ಣಿನ ಜೊತೆ ಕಿತ್ತಾಡಿತು. ಡಾಕ್ಟರಮ್ಮ ಔಷಧಿ ಕೊಟ್ಟು ಎರಡು ಕಡೆಯವರನ್ನೂ ಸಮಾಧಾನ ಮಾಡಿದರು. ಜಗಳ ನಿಂತಿತು, ಗುರುತು ಉಳಿಯಿತು. ಬಾಯಲ್ಲಿ ಉಗುಳು ಸಾಲದು, ನೀರಿನ ಬಾಟಲಿ ಪಕ್ಕದಲ್ಲಿಲ್ಲದೆ ತುತ್ತು ಇಳಿಯುವುದಿಲ್ಲ. ಕಣ್ಣಲ್ಲಿ ನೀರಿಲ್ಲ, ಆಗಾಗ ಸೀಸೆಯಿಂದ ಹನಿ ಬಿಟ್ಟುಕೊಳ್ಳದಿದ್ದರೆ ಮರಳು ಎರಚಿದ ಹಾಗಿರುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಬಿಸಿಲಿಗೆ ಹೊರಟರೆ ಟೋಪಿ, ತುಂಬುತೋಳು. ಮಧ್ಯಾಹ್ನ ಒಂದು ಸುಸ್ತು ಬರುತ್ತದೆ, ಬಂದಾಗ ಅಂಗಡಿಯ ಶಟರ್ ಅರ್ಧ ಎಳೆದು ಗೋಡೆಗೆ ಒರಗಲೇಬೇಕು. ಮುಟ್ಟು ಆಗಲೇ ನಿಂತುಹೋಯಿತು, ಮಕ್ಕಳ ಆಸೆಯೂ ಅದರ ಜೊತೆಗೇ. ಅದಕ್ಕೆ ಬಹಳ ಅತ್ತಿದ್ದೇನೆ, ಆಗಿನ್ನೂ ಕಣ್ಣಲ್ಲಿ ನೀರಿತ್ತು.

ನಗುವಂಥದ್ದೂ ಇಲ್ಲದಿಲ್ಲ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಚುಚ್ಚುಮದ್ದಿನ ನೆನಪೆಲ್ಲ ಹಳೆಯ ರಕ್ತದ ಜೊತೆ ಹೊರಟುಹೋಗಿರುತ್ತದಂತೆ. ಹಾಗಾಗಿ ಎಲ್ಲವನ್ನೂ ಮೊದಲಿಂದ ಹಾಕಿಸಿಕೊಳ್ಳಲು ತಾಯಂದಿರ ಸಾಲಿನಲ್ಲಿ ಕೂತೆ. "ಮಗು ಎಲ್ಲಮ್ಮಾ?" ಅಂದಳು ನರ್ಸ್. "ನಾನೇ ಮಗು. ಅಳಲ್ಲ, ಹಾಕಿ," ಅಂದೆ.

ಇನ್ನೊಂದು ವಿಷಯ ತಿಳಿದಾಗ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ನನ್ನ ರಕ್ತವನ್ನಷ್ಟೇ ಪರೀಕ್ಷೆ ಮಾಡಿದರೆ ಅದು ಗಂಡಸಿನ ರಕ್ತ ಅಂತ ಬರುತ್ತದಂತೆ! ಆ ಭಾನುವಾರ ತಮ್ಮನಿಗೆ ಹೇಳಿದೆ, "ಲೋ ಬುಗುರಿ, ಯಾರದೋ ಮನೆ ಬೀಗ ಒಡೆಯೋವಾಗ ನನ್ನ ಬೆರಳು ಕುಯ್ದು ಒಂದು ಹನಿ ಬಿತ್ತು ಅಂತಿಟ್ಕೋ. ಪೊಲೀಸರು ನೆಟ್ಟಗೆ ನಿನ್ನ ಮನೆಗೆ ಬರ್ತಾರೆ."

"ಬೀಗದ ಕಸುಬಿನವಳಿಗೆ ರಕ್ತ ಕೊಟ್ಟೆನಲ್ಲಪ್ಪಾ, ಬುದ್ಧಿ ಎಲ್ಲಿಟ್ಟಿದ್ದೆ," ಅಂತ ಅವನು ಫೋನಿನಲ್ಲೇ ತಲೆ ಚಚ್ಚಿಕೊಂಡ.

ಅವನಿಂದ ನನಗೆ ಇನ್ನೇನೇನು ಬಂದಿದೆ ಅಂತ ಹುಡುಕುವುದು ನನಗೆ ಹುಚ್ಚಾಗಿಬಿಟ್ಟಿತ್ತು. ನನಗೆ ನೆಗಡಿ ಬಂದರೆ ಅವನಿಗೂ ಬಂದಿದೆಯಾ ಅಂತ ವಿಚಾರಿಸುವುದು. ನನಗೆ ಸಿಳ್ಳೆ ಹೊಡೆಯಲು ಬಂದ ದಿನ ಡಾಕ್ಟರಮ್ಮನ ಮುಂದೆ ಹೊಡೆದು ತೋರಿಸಿದೆ. "ರಕ್ತದಲ್ಲಿ ಸಿಳ್ಳೆ ಬರಲ್ಲಮ್ಮ, ಅದು ನಿಮ್ಮದೇ," ಅಂದರು. ಅಮ್ಮನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. "ದಾನಕ್ಕೆ ಬಂದ ಎಮ್ಮೆ ಹಲ್ಲು ಹಿಡಿದು ನೋಡಿದ್ರಂತೆ, ಹಾಗಾಯ್ತು ನಿನ್ನ ಕಥೆ. ಕೊಟ್ಟಿದಾನೆ, ಬದುಕಿದೀಯ, ಬಾಯ್ಮುಚ್ಕೊಂಡು ಇರು," ಅನ್ನುತ್ತಿದ್ದಳು.

"ಹಲ್ಲು ನೋಡೋದೇ ನನ್ನ ಕಸುಬು ಕಣಮ್ಮಾ," ಅನ್ನುತ್ತಿದ್ದೆ ನಾನು.

ಈ ವರ್ಷ ನನ್ನ ಕೆನ್ನೆಗೆ ಬಣ್ಣ ಬಂತು. ಇಷ್ಟು ವರ್ಷ ಸುಣ್ಣ ಬಳಿದ ಗೋಡೆಯಂತಿದ್ದವಳು ಕೆಂಪಗಾದೆ. ಪಕ್ಕದ ಹೂವಿನಂಗಡಿಯವಳು "ಏನ್ರೀ, ಮದುವೆ ಗಿದುವೆ ಏನಾದ್ರೂ?" ಅಂತ ಛೇಡಿಸಿದಳು. ಅಮ್ಮನಿಗಂತೂ ಸಂತೋಷ ಹಿಡಿಸದು. "ಈಗ ನೋಡು, ಥೇಟ್ ನಿನ್ನ ತಮ್ಮನ ಮುಖ. ಅವನೂ ಹೀಗೇ ಕೆಂಪಗೆ ಮೈ ತುಂಬಿಕೊಂಡಿದಾನೆ. ನನ್ನ ಕಣ್ಣೇ ತಾಗೀತು," ಅಂದಳು. ನಾನೂ ಕನ್ನಡಿ ಮುಂದೆ ಬೇಕೆಂದೇ ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲತೊಡಗಿದೆ.

ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ ಇರುತ್ತದೆ. ಕಣ್ಣು, ಹಲ್ಲು, ಶ್ವಾಸಕೋಶ, ಥೈರಾಯ್ಡು, ರಕ್ತ, ಒಂದನ್ನೂ ಬಿಡುವುದಿಲ್ಲ. ಹಳೆಯ ಕಾಯಿಲೆ ಮರಳಿತೋ ಅಂತ ಆ ವಾರ ನನಗೆ ಊಟ ಸೇರದು, ಹನ್ನೊಂದು ವರ್ಷವಾದರೂ ಇದು ರೂಢಿಯಾಗಿಲ್ಲ. ಈ ಸಲ ಡಾಕ್ಟರಮ್ಮ ರಕ್ತದ ವರದಿ ನೋಡಿ, ನನ್ನ ಕೆನ್ನೆ ನೋಡಿ, ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದರು.

"ಬಿಸಿನೀರಲ್ಲಿ ಸ್ನಾನ ಮಾಡಿದ ಮೇಲೆ ಮೈ ತುರಿಸುತ್ತಾ?"

"ತುರಿಸುತ್ತೆ. ಮೊದಲಿಂದ ಚರ್ಮದ ಗಲಾಟೆ ಇದೆಯಲ್ಲ, ಅದೇ ಇರಬೇಕು ಅಂದ್ಕೊಂಡೆ."

ಅವರು ಇನ್ನೊಂದು ಪರೀಕ್ಷೆಗೆ ರಕ್ತ ತೆಗೆಸಿದರು. ಅದರ ಫಲಿತಾಂಶಕ್ಕೆ ಮತ್ತೆ ಕರೆಸಿಕೊಂಡರು. ನಾನು ಕೂತ ತಕ್ಷಣ, "ಹಳೇ ಕಾಯಿಲೆ ಬಂದಿಲ್ಲ, ಮೊದಲು ಉಸಿರು ಬಿಡಿ," ಅಂದರು. ಉಸಿರು ಬಿಟ್ಟೆ. "ನಿಮ್ಮ ರಕ್ತ ಗಟ್ಟಿಯಾಗಿದೆ."

ನನಗೆ ನಗು ಬಂತು. "ಅದನ್ನೇ ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಹೇಳ್ತಾ ಇದೀನಲ್ಲ ಡಾಕ್ಟ್ರೇ."

"ಆ ಗಟ್ಟಿ ಅಲ್ಲಮ್ಮ. ದಪ್ಪ ಆಗಿದೆ. ಕೆಂಪು ಕಣಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ತಿವೆ. ಕೆನ್ನೆ ಕೆಂಪಾಗಿರೋದು ಅದಕ್ಕೇ."

ಕಂಡು ಸಂತೋಷಪಟ್ಟಿದ್ದ ಕೆನ್ನೆಯನ್ನು ಅಲ್ಲೇ ಮುಟ್ಟಿ ನೋಡಿಕೊಂಡೆ. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಪ್ರಶ್ನೆ, ನನ್ನ ಹುಟ್ಟುಗುಣವೇ ಅದು. "ರಕ್ತ ನನ್ನದಲ್ಲವಲ್ಲ. ಹಾಗಾದ್ರೆ ಈ ಕಾಯಿಲೆ ಯಾರದು?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಒಳ್ಳೇ ಪ್ರಶ್ನೆ. ರಕ್ತ ಹುಟ್ಟಿಸೋ ಒಂದು ಬೀಜಕೋಶದ ವಂಶವಾಹಿ ಬರಹದಲ್ಲಿ ಒಂದು ಅಕ್ಷರ ತಪ್ಪಾಗಿದೆ. ಅದು ನಿಮ್ಮ ಮೈಗೆ ಬಂದ ಮೇಲೆ ಆದದ್ದಿರಬಹುದು. ಇಲ್ಲಾ, ಬರೋವಾಗಲೇ ಇದ್ದಿರಬಹುದು. ಆಗ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದು, ಈಗ ನಿಧಾನವಾಗಿ ಬೆಳೆದಿದೆ. ಬರೋವಾಗಲೇ ಇದ್ದಿದ್ರೆ ನಿಮ್ಮ ತಮ್ಮನ ಮೈಯಲ್ಲೂ ಅದು ಬೆಳೀತಾ ಇರುತ್ತೆ."

ಇದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಡೂಪ್ಲಿಕೇಟ್ ಕೀ ಬೀಗದಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಅಸಲಿ ಎಲ್ಲಿ ಅಂತ.

"ನಿಮ್ಮದು ಇನ್ನೂ ಶುರು, ನಿಮಗೆ ತೊಂದರೆ ಆಗದ ಹಾಗೆ ನೋಡ್ಕೋಬಹುದು," ಅಂದರು. "ಆಗಾಗ ಸ್ವಲ್ಪ ರಕ್ತ ತೆಗೀತೀವಿ, ಒಂದು ಮಾತ್ರೆ ಕೊಡ್ತೀವಿ. ಅವರದು ಎಷ್ಟಿದೆಯೋ ಗೊತ್ತಿಲ್ಲ. ಗೊತ್ತಿಲ್ಲದೆ ಬಿಟ್ರೆ ಎಲ್ಲಾದ್ರೂ ಹೆಪ್ಪುಗಟ್ಟುತ್ತೆ. ತಲೆಯಲ್ಲಿ ಆದ್ರೆ ಪಾರ್ಶ್ವವಾಯು. ನಮ್ಮವರು ಫೋನ್ ಮಾಡ್ತಾನೇ ಇದಾರೆ, ಆಸ್ಪತ್ರೆ ಅಂದ ಕೂಡಲೆ ಕಟ್ ಮಾಡ್ತಾರಂತೆ. ಏನು ಕೆಲಸ ಮಾಡ್ತಾರೆ ಅವರು?"

"ಲಿಫ್ಟ್ ರಿಪೇರಿ. ಲಿಫ್ಟಿನ ತಲೆ ಮೇಲೆ ನಿಂತು."

ಡಾಕ್ಟರಮ್ಮ ಮತ್ತೆ ಪೆನ್ನು ತೆಗೆದು ತಮ್ಮನ ಹೆಸರಿಗೂ ಪರೀಕ್ಷೆಯ ಚೀಟಿ ಬರೆದರು. ಆಮೇಲೆ, "ಬೇಗ ಕರ್ಕೊಂಡು ಬನ್ನಿ," ಅಂದರು.

ಅಂಗಡಿಗೆ ಬಂದು ಮೊದಲು ನಾದಿನಿಗೆ, ತಮ್ಮನ ಹೆಂಡತಿಗೆ, ಫೋನ್ ಮಾಡಿದೆ. ಅವಳು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಬಾಯಿ ಬಹಳ ಮೃದು, ಗಂಡನ ವಿಷಯ ಬಂದರೆ ಮಾತ್ರ ಬ್ರೆಡ್ ಕತ್ತರಿಸುವ ಚಾಕು. ಸುತ್ತಿ ಬಳಸಿ ಕೇಳಿದೆ, "ಅವನಿಗೆ ಸ್ನಾನ ಮಾಡಿದ ಮೇಲೆ ತುರಿಕೆ ಗಿರಿಕೆ ಏನಾದ್ರೂ ಇದೆಯೇನೇ?"

"ಅಯ್ಯೋ ಅತ್ತಿಗೆ, ನಿಮಗೆ ಯಾರು ಹೇಳಿದ್ರು! ಬಚ್ಚಲಿಂದ ಬಂದ್ರೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜೋದು ನೋಡ್ಬೇಕು ನೀವು, ಎಮ್ಮೆ ಕಂಬಕ್ಕೆ ಉಜ್ಜಿದ ಹಾಗೆ. ನಾನು ಸೋಪು ಬದಲಾಯಿಸಿ ಬದಲಾಯಿಸಿ ಸುಸ್ತಾದೆ. ಅಂಗಡಿಯಲ್ಲಿರೋ ಬಣ್ಣ ಎಲ್ಲಾ ಮುಗೀತು. ಮಗುವಿನ ಸೋಪೂ ತಂದಿದ್ದಾಯ್ತು."

"ತಲೆನೋವು?"

"ಅದು ದಿನಾ ಇದ್ದದ್ದೇ. ಬೆರಳುಗಳು ಉರೀತವೆ ಅಂತಾರೆ. ಮೊನ್ನೆ ಕೆಲಸದಲ್ಲಿ ತಲೆ ತಿರುಗಿ ಅಲ್ಲೇ ಕೂತುಬಿಟ್ರಂತೆ. ಅತ್ತೆಗೆ ಹೇಳ್ಬೇಡಿ. ಏನತ್ತಿಗೆ, ಯಾಕೆ ಕೇಳ್ತೀರಿ?"

ಕೂತದ್ದು ಎಲ್ಲಿ ಅಂತ ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಅಕ್ಕಾ ಅನ್ನುವ ಒಂದೇ ಒಂದು ಪ್ರಾಣಿ ಇದೆ ನನಗೆ ಈ ಪ್ರಪಂಚದಲ್ಲಿ. ಅದು ಯಾವುದೋ ಕಟ್ಟಡದ ಕತ್ತಲೆಯಲ್ಲಿ ಹಗ್ಗ ಹಿಡಿದು ತೂಗಾಡುತ್ತಿರುವಾಗ ತಲೆ ತಿರುಗಿದರೆ?

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಅವನಿಗೆ ಹಾಗೆ ಹೇಳ್ಬೇಡ," ಅಂದಳು. "ಹೊಟ್ಟೆಯಲ್ಲಿ ಹುಟ್ಟಿದವನು, ನಂಗೊತ್ತು. ಅವನ ಹತ್ರ ಇರೋದು ಅದೊಂದೇ. ಓದಿಲ್ಲ, ಬರೆದಿಲ್ಲ, ಅಪ್ಪನ ಕೈಲಿ ಒಂದು ಒಳ್ಳೇ ಮಾತು ಅನ್ನಿಸ್ಕೊಂಡಿಲ್ಲ. ಅಕ್ಕನ್ನ ಉಳಿಸಿದೆ ಅನ್ನೋದರ ಮೇಲೆ ನಿಂತಿದಾನೆ. ಅದನ್ನೂ ಕೆಟ್ಟದ್ದು ಕೊಟ್ಟೆ ಅಂತ ಮಾಡಿಬಿಟ್ರೆ ಅವನು ನೆಲಕ್ಕೆ ಬೀಳ್ತಾನೆ."

"ಹೇಳದೇ ಇದ್ರೂ ಬೀಳ್ತಾನಮ್ಮಾ. ಏಳನೇ ಮಹಡಿಯಿಂದ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೆಚ್ಚತೊಡಗಿದಳು. ಬೇಡ ಅಂತ ಇನ್ನೊಮ್ಮೆ ಹೇಳಲಿಲ್ಲ.

ಭಾನುವಾರ ಫೋನ್ ಬಂತು. "ಅಕ್ಕಾ, ನನ್ನ ರಕ್ತ ಹೇಗಿದೆ?"

ಹೇಳಿಯೇಬಿಡಬೇಕು ಅಂತ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ಗುಟುಕು ನೀರು ಕುಡಿದೆ. "ಗಟ್ಟಿಯಾಗಿದೆ ಕಣೋ," ಅಂದೆ. "ಬಹಳ ಗಟ್ಟಿಯಾಗಿಬಿಟ್ಟಿದೆ. ಡಾಕ್ಟರಮ್ಮನೇ ಹೇಳಿದ್ರು."

"ಹಾಂ! ಹಾಗಿರಬೇಕು!" ಅಂತ ಅವನು ಕೇಕೆ ಹಾಕಿದ. "ಲೇ, ಕೇಳಿದ್ಯೇನೇ, ಡಾಕ್ಟ್ರೇ ಹೇಳಿದಾರಂತೆ," ಅಂತ ಹೆಂಡತಿಗೆ ಕೂಗಿ ಹೇಳಿ, ಖುಷಿಯಲ್ಲಿ ಫೋನ್ ಇಟ್ಟೇಬಿಟ್ಟ.

ನಾನು ಫೋನ್ ಹಿಡಿದುಕೊಂಡು ನಿಂತೆ. ನಿಜವನ್ನೇ ಹೇಳಿದ್ದೆ, ಒಂದಕ್ಷರ ಸುಳ್ಳಿರಲಿಲ್ಲ. ಹಾಳಾದ ಒಂದು ಮಾತು ಎರಡು ಕಡೆಗೂ ತಿರುಗುತ್ತದೆ ಅಂತ ಈ ವಯಸ್ಸಿಗೆ ಗೊತ್ತಾಯಿತು.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಅವನು ಕೆಲಸ ಮಾಡುತ್ತಿದ್ದ ಕಟ್ಟಡ ಹುಡುಕಿಕೊಂಡು ಹೋದೆ. ಕೆಳಗಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಒಂದು ಹಲಗೆ ಇಟ್ಟಿದ್ದರು. ಕತ್ತು ಚಾಚಿ ಮೇಲೆ ನೋಡಿದೆ. ಬಾವಿಯನ್ನು ತಲೆಕೆಳಗು ಮಾಡಿ ನೋಡಿದ ಹಾಗಿತ್ತು. ಬಹಳ ಎತ್ತರದಲ್ಲಿ ಒಂದು ಬಲ್ಬು, ಅದರ ಪಕ್ಕ ಯಾರದೋ ಎರಡು ಕಾಲು, ಸಿಳ್ಳೆ.

"ಬುಗುರೀ! ಇಳಿಯೋ ಕೆಳಗೆ!" ಅಂತ ಕೂಗಿದೆ. ಸಿಳ್ಳೆ ನಿಂತಿತು.

ಮೆಟ್ಟಿಲಿಳಿದು ಬಂದ. ಮುಖ ಕೆಂಡದಂತೆ ಕೆಂಪಗಿತ್ತು. ಹಿಂದೆಲ್ಲ ಅದನ್ನು ಆರೋಗ್ಯ ಅಂತ ನೋಡಿ ಹಿಗ್ಗುತ್ತಿದ್ದೆ, ಈಗ ನೋಡಲಾಗಲಿಲ್ಲ. ಅವನು ನನ್ನನ್ನು ಕಂಡು ಕೊನೆಯ ಮೆಟ್ಟಿಲಲ್ಲೇ ನಿಂತ.

"ಬಂದೇಬಿಡ್ತಾ ಅಕ್ಕಾ?"

"ಏನು?"

"ಹಳೇ ಕಾಯಿಲೆ. ಆಸ್ಪತ್ರೆಯವರು ಫೋನ್ ಮಾಡ್ತಾನೇ ಇದ್ರು. ಅದಕ್ಕೇ ಅಂತ ಗೊತ್ತಾಯ್ತು. ಕೇಳೋಕೆ ಧೈರ್ಯ ಬರ್ಲಿಲ್ಲ ನಂಗೆ. ಭಾನುವಾರ ನೀನು ಗಟ್ಟಿ ಅಂದಾಗ ಜೀವ ಬಂತು, ಈಗ ನೋಡಿದ್ರೆ ಇಲ್ಲಿಗೇ ಬಂದಿದೀಯ." ಅಷ್ಟು ಹೇಳುತ್ತಲೇ ಗ್ರೀಸ್ ಹತ್ತಿದ ತೋಳು ಮೇಲಕ್ಕೆ ಸರಿಸಿ ಕೈ ಮುಂದೆ ಚಾಚಿದ. "ಮತ್ತೆ ಬೇಕಾದ್ರೆ ತಗೊಳ್ಳಿ. ಇವತ್ತೇ ನಡಿ. ಸೂಜಿ ಗೀಜಿ ಎಲ್ಲಾ ನಾನು ತಡ್ಕೋತೀನಿ."

ಬೈಯಲು ಅಂತ ತಂದಿದ್ದ ಮಾತೆಲ್ಲ ಮರೆತುಹೋಯಿತು. "ನಂಗೇನೂ ಬಂದಿಲ್ಲ ಕಣೋ. ಕೂತ್ಕೋ," ಅಂದೆ. ಅವನು ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ನಾನು ಮೆಟ್ಟಿಲ ಮೇಲೆ ಕೂತೆ.

"ಲಿಫ್ಟ್ ಮೋಟಾರಿನ ಗೇರಿಗೆ ಎಣ್ಣೆ ಹಾಕ್ತೀಯಲ್ಲ, ಅದು ಹಳೇದಾಗಿ ಗಟ್ಟಿಯಾದ್ರೆ ಏನಾಗುತ್ತೆ?"

"ಹರಿಯಲ್ಲ. ಗೇರ್ ಬಿಸಿಯಾಗುತ್ತೆ. ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ಹಿಡ್ಕೊಂಡುಬಿಡುತ್ತೆ." ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. "ಅಕ್ಕಾ, ಭಾನುವಾರ ಗಟ್ಟಿ ಅಂದ್ಯಲ್ಲ."

"ಆ ಗಟ್ಟಿ ಅಲ್ಲ. ಈ ಗಟ್ಟಿ."

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಷರ ತಪ್ಪಿದ್ದು, ತುರಿಕೆ, ಉರಿಯುವ ಬೆರಳು, ತಲೆ ತಿರುಗುವುದು, ಎಲ್ಲ. ಅವನು ತಲೆ ಬಗ್ಗಿಸಿ ಕೇಳಿದ. ಕೈಯಲ್ಲಿದ್ದ ಬಟ್ಟೆಯಲ್ಲಿ ಬೆರಳು ಒರೆಸಿದ್ದೇ ಒರೆಸಿದ್ದು, ಗ್ರೀಸ್ ಹೋದ ಮೇಲೂ ಒರೆಸಿದ.

"ಹಾಗಾದ್ರೆ ನಾನು ಕೊಟ್ಟಿದ್ದೇ ಕೆಟ್ಟದ್ದು," ಅಂದ.

"ಪರೀಕ್ಷೆ ಮಾಡಿಸಿದ ಮೇಲೆ ತಾನೆ ಗೊತ್ತಾಗೋದು?"

"ಅದಕ್ಕೇ ಮಾಡಿಸಲ್ಲ. ಮಾಡಿಸಿದ್ರೆ ನಾನೇ ಕೊಟ್ಟಿದ್ದು ಅಂತ ಆಗಿಬಿಡುತ್ತೆ. ಮಾಡಿಸದೇ ಇದ್ರೆ ನಿನ್ನ ಮೈಯಲ್ಲೇ ಹುಟ್ಕೊಂಡಿದ್ದು ಅಂತಾನೂ ಇರಬಹುದಲ್ಲ. ಹಾಗೇ ಇರ್ಲಿ ಬಿಡು." ಎದ್ದು ನಿಂತ. ಕಣ್ಣು ತುಂಬಿತ್ತು, ಸಿಟ್ಟಿನ ದನಿ ಮಾಡಿದ. "ಹನ್ನೊಂದು ವರ್ಷ ಊರೆಲ್ಲ ಹೇಳ್ಕೊಂಡು ಮೆರೆದೆ. ಈಗ ಬಂದಿದೀಯ ದಾನದ ಎಮ್ಮೆಗೆ ಹಲ್ಲು ಎಷ್ಟಿದೆ ಅಂತ ಎಣಿಸೋಕೆ."

ಆಗ ನನಗೆ ಬಂತು ನೋಡಿ ಸಿಟ್ಟು. "ಹೌದು ಕಣೋ, ಎಣಿಸ್ತೀನಿ! ಒಂದೊಂದೇ ಮುಟ್ಟಿ ಎಣಿಸ್ತೀನಿ. ನೀನು ಕೊಟ್ಟಿದ್ದು ಕೆಟ್ಟದ್ದಾಗಿದ್ರೆ ನಾನು ಇಲ್ಲಿ ನಿಂತು ನಿನ್ನ ಬೈಯೋಕೆ ಇರ್ತಿದ್ನಾ? ಅದೇ ರಕ್ತ ಹನ್ನೊಂದು ವರ್ಷ ನನ್ನ ಸಾಕಿದೆ. ನೀನು ಹುಟ್ಟಿದಾಗಿನಿಂದ ನಿನ್ನ ಕೆಲಸಕ್ಕೆ ಅಂತ ಆಸ್ಪತ್ರೆ ಮೆಟ್ಟಿಲು ಹತ್ತಿದವನಲ್ಲ. ನಿನ್ನ ರಕ್ತ ಮಾತ್ರ ನನ್ನ ಮೈ ಹತ್ಕೊಂಡು ವರ್ಷವರ್ಷವೂ ತಪ್ಪದೆ ಹೋಗಿ ತೋರಿಸ್ಕೊಂಡು ಬಂದಿದೆ. ನಿನಗಿಂತ ನಿನ್ನ ರಕ್ತಕ್ಕೇ ಬುದ್ಧಿ ಜಾಸ್ತಿ. ಅದು ಈಗ ಧಣಿಗೆ ಹೇಳಿ ಕಳಿಸಿದೆ, ಬಂದು ನೋಡ್ಕೋ ಅಂತ. ಎಮ್ಮೆಯಂತೆ ಎಮ್ಮೆ! ಹಾಲು ಕುಡಿದು ಬದುಕಿದೀನಿ, ಆಯ್ತು. ಈಗ ನಂಗೆ ಎಮ್ಮೆ ಬೇಕು. ಕೇಳಿಸ್ತಾ? ನಂಗೆ ಎಮ್ಮೆ ಬೇಕು ಕಣೋ."

ಮೂರನೇ ಮಹಡಿಯಲ್ಲಿ ಯಾರೋ ಬಾಗಿಲು ತೆಗೆದು ಇಣುಕಿ ನೋಡಿ ಮತ್ತೆ ಹಾಕಿಕೊಂಡರು. ಅವನು ಗೋಡೆ ಕಡೆ ತಿರುಗಿ ಅಳುತ್ತಿದ್ದ. ನನಗೂ ಅಳು ಬಂದಿತ್ತು, ಬಂದದ್ದು ಕಣ್ಣಿನವರೆಗೆ ಬಂದು ಅಲ್ಲೇ ಉರಿಯುತ್ತಿತ್ತು. ಚೀಲದಿಂದ ಸೀಸೆ ತೆಗೆದು ಎರಡು ಕಣ್ಣಿಗೂ ಹನಿ ಬಿಟ್ಟುಕೊಂಡೆ. ಕೆನ್ನೆಯ ಮೇಲೆ ಹರಿಯಿತು.

ಅವನು ತಿರುಗಿ ನೋಡಿದ. "ಥೂ ನಿನ್ನ, ಅಳೋಕೂ ಬಾಟಲಿ!" ಅಂದ. ಇಬ್ಬರಿಗೂ ನಗು ಬಂದು, ನಕ್ಕು ನಕ್ಕು ನನಗೆ ಕೆಮ್ಮು ಹತ್ತಿ, ಅವನೇ ನೀರಿನ ಬಾಟಲಿ ತೆಗೆದು ಕುಡಿಸಿದ. ಆಮೇಲೆ ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿ, "ನಡಿ. ಸೂಜಿ ಚುಚ್ಚೋವಾಗ ಪಕ್ಕದಲ್ಲಿ ಇರ್ಬೇಕು ನೀನು," ಅಂದ.

ಪರೀಕ್ಷೆಯಲ್ಲಿ ಅದೇ ಬಂತು. ಅದೇ ಅಕ್ಷರ, ಅದೇ ತಪ್ಪು. ನನ್ನದಕ್ಕಿಂತ ಅವನದು ಬಹಳ ಮುಂದೆ ಹೋಗಿತ್ತು. "ಇವತ್ತಾದ್ರೂ ಬಂದ್ರಲ್ಲ," ಅಂದರು ಡಾಕ್ಟರಮ್ಮ. ನನಗೆ ಹೇಳಿದ ಹಾಗೆ "ಇನ್ನೂ ಶುರು" ಅಂತ ಅವನಿಗೆ ಹೇಳಲಿಲ್ಲ. ಆದರೆ ತಡೆದು ಹಿಡಿಯಬಹುದು, ಮಾತ್ರೆ ತಪ್ಪಿಸದೆ, ರಕ್ತ ತೆಗೆಸುತ್ತ, ತಪಾಸಣೆಗೆ ಬರುತ್ತ ಬಹಳ ಕಾಲ ಬಾಳಬಹುದು ಅಂದರು. ರಕ್ತ ಹತೋಟಿಗೆ ಬರುವ ತನಕ ಲಿಫ್ಟ್ ಹತ್ತುವ ಹಾಗಿಲ್ಲ, ನೆಲದ ಮೇಲಿನ ಕೆಲಸ ಮಾತ್ರ. ನಾದಿನಿ ಮನೆಯಲ್ಲಿದ್ದ ಸೋಪುಗಳನ್ನೆಲ್ಲ ಚೀಲಕ್ಕೆ ತುಂಬಿ ನಮ್ಮ ಮನೆಗೆ ಕಳಿಸಿದಳು. ಈ ಜನ್ಮಕ್ಕೆ ಸಾಕಾಗುವಷ್ಟಿವೆ.

ಮೊದಲ ಸಲ ರಕ್ತ ತೆಗೆಯುವ ದಿನ ಇಬ್ಬರನ್ನೂ ಅಕ್ಕಪಕ್ಕದ ಒರಗುಕುರ್ಚಿಯಲ್ಲಿ ಕೂರಿಸಿದರು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಕಿರುಬೆರಳು ಹಿಡಿದುಕೊಂಡಿದ್ದ, ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ. ಇಬ್ಬರ ಕೈಯಿಂದಲೂ ಕೊಳವೆಯಲ್ಲಿ ರಕ್ತ ಇಳಿಯುತ್ತಿತ್ತು. ನಾನು ಬಗ್ಗಿ ಬಗ್ಗಿ ಎರಡನ್ನೂ ನೋಡಿದೆ. ವ್ಯತ್ಯಾಸ ಏನಾದರೂ ಕಂಡೀತೇ ಅಂತ ಕುತೂಹಲ, ಏನೂ ಕಾಣಲಿಲ್ಲ.

"ಇದನ್ನ ಏನ್ಮಾಡ್ತೀರಿ?" ಅಂತ ಅವನು ಕಣ್ಣು ಮುಚ್ಚಿಕೊಂಡೇ ನರ್ಸನ್ನು ಕೇಳಿದ.

"ಎಸೀತೀವಿ. ಇದನ್ನ ಯಾರಿಗೂ ಕೊಡೋ ಹಾಗಿಲ್ಲ."

ಅವನ ಮುಖ ಸಣ್ಣಗಾಯಿತು. ನನ್ನ ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದ. ನಾನು ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ, "ಕೊಡಬೇಕಾದವರಿಗೆ ಆಗಲೇ ಕೊಟ್ಟಾಯ್ತಲ್ಲೋ."

ಈಗ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಮೊನ್ನೆಯೂ ಮಾಡಿದೆ. ಅವನು ಎತ್ತಿದ ತಕ್ಷಣ ಕೇಳಿದೆ, "ಬುಗುರಿ, ನನ್ನ ರಕ್ತ ಹೇಗಿದೆ?"

"ತೆಳ್ಳಗಿದೆ ಅಕ್ಕಾ," ಅಂದ, ದನಿಯಲ್ಲಿ ಅದೇ ಹಳೆಯ ಜಂಬ. "ಡಾಕ್ಟರಮ್ಮ ನೋಡಿ ಶಭಾಷ್ ಅಂದ್ರು. ಮುಂದಿನ ವಾರದಿಂದ ಲಿಫ್ಟ್ ಹತ್ತಬಹುದಂತೆ. ನಿಂದು?"

"ನಂದೂ ತೆಳ್ಳಗೇ ಇದೆ ಕಣೋ. ನೀರಿನ ಹಾಗೆ ಹರೀತಿದೆ."

ಒಳಗಿನಿಂದ ಅಮ್ಮ ಸೌಟು ಹಿಡಿದು ಓಡಿ ಬಂದಳು. ಅವಳಿಗೆ ಎಷ್ಟು ಹೇಳಿದರೂ ಇದು ತಲೆಗೆ ಹೋಗಿಲ್ಲ. "ಏನ್ ಮಾತೂಂತ ಆಡ್ತೀರೇ ಇಬ್ಬರೂ, ಬೆಳಬೆಳಿಗ್ಗೆ! ರಕ್ತ ತೆಳ್ಳಗಂತೆ, ನೀರಂತೆ! ಬಿಡ್ತು ಅನ್ನು! ಅವನಿಗೂ ಹೇಳು, ಬಿಡ್ತು ಅನ್ನೋಕೆ!"

ಫೋನನ್ನು ಅಮ್ಮನ ಕಡೆ ಹಿಡಿದೆ. ಅಲ್ಲಿಂದ ಅವನು, ಇಲ್ಲಿಂದ ನಾನು, ಇಬ್ಬರೂ ಒಟ್ಟಿಗೇ "ಬಿಡ್ತು" ಅಂದೆವು.